ಎಡಗೆನ್ನೆಯ ಗಾಳಿ

ನವೆಂಬರ್ 3, ಭಾನುವಾರ

ಇದನ್ನು ಹಳೇ ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದೇನೆ. ಕಪಾಟು ಒರೆಸುವಾಗ ಗುರುದೇವಿಯ ಕೈಗೆ ಸಿಕ್ಕರೂ ಕಾಲೇಜಿನದು ಅಂದುಕೊಂಡು ಅಲ್ಲೇ ಇಟ್ಟುಬಿಡುತ್ತಾಳೆ. ಹೆಂಡತಿಗೆ ಹೇಳಲಾಗದ ಮಾತು ನನ್ನಲ್ಲಿ ಹೆಚ್ಚಿಲ್ಲ. ಇರುವ ಒಂದೆರಡಕ್ಕೆ ಇಷ್ಟು ಹಾಳೆ ಸಾಕು.

ನನ್ನ ಒಂಬತ್ತು ವರ್ಷದ ಕೆಲಸ ಬರುವ ಗುರುವಾರದಿಂದ ರೇಡಿಯೊದಲ್ಲಿ ಬರುತ್ತದೆ. ಶಹಾಪುರದ ನಮ್ಮ ಕಾಲೇಜಿನ ರೇಡಿಯೊ ದೊಡ್ಡದೇನಲ್ಲ. ಅದರ ದನಿ ದೋರನಹಳ್ಳಿ ದಾಟುವುದಿಲ್ಲ, ಆಚೆಯವರು ಮೊಬೈಲಿನಲ್ಲಿ ಕೇಳುತ್ತಾರೆ. ಆದರೂ ಹನ್ನೆರಡು ವಾರ, ಗುರುವಾರ ಸಂಜೆ ಅರ್ಧ ಗಂಟೆ. ‘ಮುಗಿಲ ಹಡಗು’, ರಚನೆ: ವಿಶ್ವರಾಧ್ಯ, ಭೂಗೋಳ ಉಪನ್ಯಾಸಕರು.

ನೂರು ವರ್ಷಗಳ ಹಿಂದೆ, ಮೊದಲ ಮಹಾಯುದ್ಧದಲ್ಲಿ, ಸೈನ್ಯದವರು ಹಾರಿಸಿದ ವಾಯುನೌಕೆಗಳ ಕತೆ ಅದು. ಒಳಗೆ ಲೋಹದ ಹಂದರ, ಮೇಲೆ ಬಟ್ಟೆ, ಹೊಟ್ಟೆಯಲ್ಲಿ ಹಗುರ ಅನಿಲದ ಚೀಲಗಳು. ಉದ್ದ ನಮ್ಮ ಕಾಲೇಜು ಮೈದಾನದ ಈ ತುದಿಯಿಂದ ಆ ತುದಿ. ಕೆಳಗೆ ಸಮುದ್ರ, ನಡುವೆ ಮೋಡ, ಕಣ್ಣಿಗೆ ನೆಲವೇ ಇಲ್ಲ. ಅಂಥಲ್ಲಿ ಅವರು ದಾರಿ ಹೇಗೆ ಹಿಡಿದರು? ಕಲಬುರಗಿಯ ಹಳೇ ಪುಸ್ತಕದ ಅಂಗಡಿಯಲ್ಲಿ ರಟ್ಟು ಹರಿದ ಒಂದು ಇಂಗ್ಲಿಷ್ ಕೈಪಿಡಿ ಸಿಕ್ಕ ದಿನದಿಂದ ನಾನು ಈ ಒಂದೇ ಪ್ರಶ್ನೆ ಹಿಡಿದು ಕೂತಿದ್ದೇನೆ. ಯಾದಗಿರಿ ಜಿಲ್ಲೆಯಲ್ಲಿ ಇದನ್ನು ಬಲ್ಲವನು ನಾನೊಬ್ಬನೇ. ಇದು ಜಂಬವಲ್ಲ. ಉಳಿದವರಿಗೆ ಬೇಕಾಗಿರಲಿಲ್ಲ, ಅಷ್ಟೇ.

ಕೇಳುವವರಿಗೆ ನಕಾಶೆಯ ಜೆರಾಕ್ಸ್ ಹಂಚಿದ್ದೇವೆ. ಪ್ರತಿ ವಾರ ಕೊನೆಗೆ ಹಡಗಿನ ಮೂಗು ಯಾವ ಕಡೆಗಿದೆ, ವೇಗ ಎಷ್ಟು, ಗಾಳಿ ಯಾವ ಕಡೆಯಿಂದ ಎಂದು ಹೇಳುತ್ತೇವೆ. ಅವರು ಮನೆಯಲ್ಲೇ ಅಡಿಪಟ್ಟಿ ಹಿಡಿದು ಗೆರೆ ಎಳೆಯಬೇಕು.

ನಾನೇ ಓದುತ್ತೇನೆ ಅಂದಿದ್ದೆ. ರೇಡಿಯೊ ನೋಡಿಕೊಳ್ಳುವ ಖುರ್ಷೀದಬೇಗಂ ಮೇಡಂ ಬಹಳ ಮರ್ಯಾದೆಯಿಂದ, ‘ನಿಮ್ಮ ದನಿ ಚಲೋ ಅದ್ರಿ ಸರ, ಆದ್ರ ಕೇಳಿದೋರಿಗಿ ನೋಟ್ಸ್ ಬರ್ಕೋಬೇಕು ಅನ್ನಿಸ್ತದ’ ಅಂದರು. ಓದಬೇಕಿದ್ದ ಇತಿಹಾಸದ ಉಪನ್ಯಾಸಕರಿಗೆ ಗಂಟಲು ಕೆಟ್ಟಿದೆ. ಈಗ ಆಫೀಸಿನ ಗುಮಾಸ್ತೆ ದೇವಕಮ್ಮ ಓದುತ್ತಾಳಂತೆ. ‘ಹಾಲ್ ಟಿಕೆಟ್ ಒಯ್ಯಿರಿ’ ಎಂದು ಕಾಲೇಜಿನ ಮೈಕಿನಲ್ಲಿ ಕರೆಯುವುದು ಆಕೆಯೇ. ಆಗಲಿ ಅಂದೆ. ದೊಡ್ಡ ಮನಸ್ಸು ಮಾಡಬೇಕು.

ಇನ್ನೊಂದು ಮಾತು. ಫೆಬ್ರುವರಿಯಿಂದ ಭಾನುವಾರ ಬೆಳಿಗ್ಗೆಯ ಅರ್ಧ ಗಂಟೆಯನ್ನು ಒಂದು ವರ್ಷದ ಮಟ್ಟಿಗೆ ಒಬ್ಬರಿಗೇ ಕೊಡುತ್ತಾರೆ. ಜನವರಿಯಲ್ಲಿ ಸಮಿತಿ ತೀರ್ಮಾನಿಸುತ್ತದೆ. ಅದು ನನಗೆ ಬೇಕು. ಇಷ್ಟು ಬೇಕು ಅನ್ನಿಸಿದ ವಸ್ತು ಈ ಹತ್ತು ವರ್ಷದಲ್ಲಿ ಇನ್ನೊಂದಿಲ್ಲ.

ನವೆಂಬರ್ 7, ಗುರುವಾರ

ಮೊದಲ ಕಂತು ಆಯಿತು. ದೇವಕಮ್ಮ ತೊದಲಲಿಲ್ಲ. ಇಷ್ಟು ಹೇಳಿದರೆ ಸಾಕು.

ಮನೆಗೆ ಬಂದರೆ ಸುಟ್ಟ ವಾಸನೆ. ಹಡಗು ಏಳುವಾಗ ನೆಲದವರು ಹಗ್ಗ ಬಿಡುತ್ತಾರಲ್ಲ, ಆ ಜಾಗ ಕೇಳುತ್ತ ಗುರುದೇವಿ ಹಂಚಿನ ಮೇಲಿನ ರೊಟ್ಟಿ ಮರೆತಿದ್ದಳು. ಅದನ್ನು ಬರೆದವನು ನಾನು ಎಂದು ನೆನಪಿಸಿದೆ.

‘ಹೌದ್ರಿ, ನೀವು ಮನ್ಯಾಗ ಓದಿ ತೋರಿಸಿದ್ರಿ. ಅವತ್ತು ರೊಟ್ಟಿ ಕರಕಾಗಿರಲಿಲ್ಲ’ ಎಂದಳು.

ನವೆಂಬರ್ 14, ಗುರುವಾರ

ಆಕೆ ನನ್ನ ಮಾತು ಬದಲಿಸಿದ್ದಾಳೆ.

ಹಡಗು ಮೂಗು ಇಟ್ಟ ಕಡೆಗೇ ಹೋಗುವುದಿಲ್ಲ, ಅಡ್ಡಗಾಳಿ ಅದನ್ನು ಪಕ್ಕಕ್ಕೆ ಒಯ್ಯುತ್ತದೆ. ಇದಕ್ಕೆ ಕನ್ನಡದಲ್ಲಿ ಪದ ಇರಲಿಲ್ಲ. ಎರಡು ವರ್ಷ ಯೋಚಿಸಿ ‘ಪಾರ್ಶ್ವವಿಚಲನೆ’ ಎಂದು ಕಟ್ಟಿದ್ದೆ. ಓದುತ್ತ ಓದುತ್ತ ಆ ಪದಕ್ಕೆ ಬಂದ ದೇವಕಮ್ಮ ಒಂದು ಉಸಿರು ನಿಂತಳು. ಆಮೇಲೆ, ‘ಅಂದ್ರ ಓರೆ’ ಅಂದಳು. ಅಷ್ಟಕ್ಕೇ ಬಿಡಲಿಲ್ಲ. ‘ತಿಂಥಣಿ ಹೊಳ್ಯಾಗ ಹರಗೋಲು ನೋಡಿರಬೇಕು ನೀವು. ಆಚಿ ದಂಡಿಗಿ ಹೋಗಬೇಕಂದ್ರ ಅಂಬಿಗ ದಂಡಿ ನೋಡಿ ಹುಟ್ಟು ಹಾಕಂಗಿಲ್ಲ, ನೀರು ಬರೋ ಕಡಿ ನೋಡಿ ಹಾಕ್ತಾನ. ನೀರು ಓರೆ ಒಯ್ತದ, ದಂಡಿ ಬರೋಬ್ಬರಿ ಸಿಗ್ತದ. ಗಾಳಿನೂ ಒಂದು ಹೊಳಿನೇ, ಕಣ್ಣಿಗಿ ಕಾಣಂಗಿಲ್ಲ ಅಷ್ಟ.’

ಹರಗೋಲು ದುಂಡಗಿರುತ್ತದೆ. ಅದಕ್ಕೆ ಮೂಗೇ ಇಲ್ಲ. ಹೋಲಿಕೆ ಶಾಸ್ತ್ರೀಯವಾಗಿ ತಪ್ಪು. ಜಿಲ್ಲೆಯಲ್ಲಿ ಒಬ್ಬರೂ ಇದನ್ನು ಗಮನಿಸಲಿಲ್ಲ.

ಹಡಗು ನಿಲ್ಲಿಸುವ ದೊಡ್ಡ ಕಟ್ಟಡಕ್ಕೆ ನಾನು ‘ವಾಯುನೌಕಾಗಾರ’ ಎಂದು ಬರೆದಿದ್ದೆ. ಆಕೆ ‘ಕೊಟ್ಟಿಗಿ’ ಅಂದಳು.

ನವೆಂಬರ್ 22, ಶುಕ್ರವಾರ

ನಿನ್ನೆಯದು ಬರೆಯಲೇಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ.

ಅನಿಲದ ಚೀಲ ಸೋರಬಾರದೆಂದು ಆ ಕಾಲದವರು ಒಳಮೈಗೆ ದನದ ಕರುಳಿನ ತೆಳುಪೊರೆ ಅಂಟಿಸುತ್ತಿದ್ದರು. ಒಂದೊಂದು ದೊಡ್ಡ ಹಡಗಿಗೆ ಲಕ್ಷಗಟ್ಟಲೆ ದನ. ಜನ ಊಟಕ್ಕೆ ಕೂರುವ ಹೊತ್ತು, ಹೆಚ್ಚಿನವರು ನಮ್ಮಂಥ ಮನೆಯವರು, ಯಾಕೆ ಬೇಕು ಎಂದು ನಾನು ‘ಪ್ರಾಣಿಜನ್ಯ ಪೊರೆ’ ಎಂದು ಬರೆದಿದ್ದೆ. ಓದುವ ಮುಂಚೆ ದೇವಕಮ್ಮ ಅದೇನೆಂದು ಕೇಳಿದಳು. ಹೇಳಿದೆ. ‘ಹಂಗಾದ್ರ ಹಂಗ ಅನ್ನೂಣಲ್ಲ’ ಅಂದಳು. ಆಮೇಲೆ, ಅಷ್ಟು ಕರುಳು ಸೋಸಿ ತೊಳೆದವರು ಯಾರು ಎಂದು ಕೇಳಿದಳು. ಹೆಂಗಸರು ಎಂದು ಎಲ್ಲೋ ಓದಿದ ನೆನಪು, ಹೆಸರುಗಿಸರು ಕೈಪಿಡಿಯಲ್ಲಿ ಇಲ್ಲ ಅಂದೆ.

ಮೈಕಿನ ಮುಂದೆ ಆಕೆ ಹೇಳಿದ್ದು: ‘ಲಕ್ಷ ದನದ ಕರಳು ಮುಗಿಲಿಗೇರಿತ್ತು. ಅಷ್ಟೂ ತೊಳದ ಹೆಣ್ಮಕ್ಕಳು ಯಾರೋ, ಬರದವರಿಗಿ ಗೊತ್ತಿಲ್ಲ.’

ಬರೆದವರಿಗೆ ಗೊತ್ತಿಲ್ಲ! ನನ್ನ ಹೆಸರು ಹೇಳಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ.

ಬೈಗುಳದ ಫೋನು ಬರಲಿ ಎಂದು ಕಾದೆ. ಹದಿನಾಲ್ಕು ಫೋನು ಬಂದವು, ಒಂದೂ ಬೈಗುಳವಲ್ಲ. ಬಳಿಚಕ್ರದಿಂದ ಒಬ್ಬ ಹೆಣ್ಣುಮಗಳು ‘ದಾರಿಯವ್ವಗ ಫೋನ್ ಕೊಡ್ರಿ’ ಅಂದಳಂತೆ. ಹಡಗಿನ ದಾರಿ ಹೇಳುವವಳು, ಅದಕ್ಕೇ ದಾರಿಯವ್ವ. ಒಂದೇ ದಿನದಲ್ಲಿ ಊರೆಲ್ಲ ಅದೇ ಹೆಸರು. ಹಡಗಿನಲ್ಲಿ ಇರುವವರೆಲ್ಲ ಗಂಡಸರು, ದಾರಿಕಾರನಿಗೆ ನಾನು ಹುರಿಮೀಸೆ ಬರೆದಿದ್ದೇನೆ. ಅದನ್ನು ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಡಿಸೆಂಬರ್ 1, ಭಾನುವಾರ

ಸಂತೆಯಲ್ಲಿ ಕಾಯಿಪಲ್ಯೆ ಮಾರುವ ಭೀಮಾಬಾಯಿ ಕೇಳಿದಳು: ‘ಸರ, ದಾರಿಯವ್ವ ನಿಮ್ಮ ಕಾಲೇಜಿನಾಕಿ ಅಂತ, ಖರೇನ? ನೀವು ಅದ್ರಾಗ ಏನು ಮಾಡ್ತೀರಿ?’

ಬರೆಯುತ್ತೇನೆ ಅಂದೆ.

‘ಓ, ಆಕಿ ಹೇಳಿದ್ದು ಬರ್ಕೋತೀರೇನು’ ಅಂದು, ಪಾಪ ಅನ್ನಿಸಿತೋ ಏನೋ, ಒಂದು ಹಿಡಿ ಹೆಚ್ಚು ಪುಂಡಿಪಲ್ಯೆ ಹಾಕಿದಳು.

ಡಿಸೆಂಬರ್ 10, ಮಂಗಳವಾರ

ಇವತ್ತು ದೇವಕಮ್ಮನನ್ನು ಸ್ಟಾಫ್ ರೂಮಿಗೆ ಕರೆಸಿದೆ. ಸಿಟ್ಟು ಮಾಡಲಿಲ್ಲ, ಮೆತ್ತಗೆ ಮಾತಾಡಿದೆ. ಇದು ವಿಜ್ಞಾನ, ಅಂಕಿಯ ವಿಷಯ, ಜನ ನಕಾಶೆಯ ಮೇಲೆ ಗೆರೆ ಎಳೆಯುತ್ತಾರೆ, ಒಂದು ಮಾತು ಆಚೆ ಈಚೆ ಆದರೆ ಹಡಗು ಮುಳುಗುತ್ತದೆ, ಆದ್ದರಿಂದ ನಾನು ಬರೆದದ್ದರಲ್ಲಿ ಒಂದಕ್ಷರವನ್ನೂ ಬದಲಿಸಕೂಡದು ಎಂದೆ. ಇನ್ನೂ ನಾಲ್ಕು ಜನ ಉಪನ್ಯಾಸಕರು ಕೂತಿದ್ದರು. ಅದು ನನ್ನ ತಪ್ಪಲ್ಲ, ಸ್ಟಾಫ್ ರೂಮು ಅಂದಮೇಲೆ ಕೂತೇ ಇರುತ್ತಾರೆ.

‘ಒಂದಕ್ಷರನೂ?’ ಎಂದು ಕೇಳಿದಳು.

‘ಒಂದಕ್ಷರನೂ.’

‘ಆಯ್ತ್ರಿ ಸರ.’

ಕಿಟಕಿಯಾಚೆ ಬುದ್ಧ ಮಲಗಿದಂತೆ ಕಾಣುವ ಗುಡ್ಡದ ಮೇಲೆ ಬಿಸಿಲು ಚೆನ್ನಾಗಿತ್ತು. ಬಹಳ ದಿನದ ಮೇಲೆ ಮನಸ್ಸಿಗೆ ಹಗುರ ಅನ್ನಿಸಿತು.

ಡಿಸೆಂಬರ್ 13, ಶುಕ್ರವಾರ

ನಿನ್ನೆ ಹಡಗು ಪಶ್ಚಿಮಕ್ಕೆ ಹೊರಟಿತು. ದೇವಕಮ್ಮ ಬರೆದದ್ದನ್ನು ಬರೆದ ಹಾಗೆ ಓದಿದಳು. ‘ಪಾರ್ಶ್ವವಿಚಲನೆ’ ಏಳು ಸಲ. ಫೋನು ಎರಡು. ಒಂದು, ದಾರಿಯವ್ವಗ ಮೈಗೆ ಆರಾಮಿಲ್ಲೇನು ಎಂದು. ಇನ್ನೊಂದು ತಪ್ಪಿ ಬಂದದ್ದು.

ಜನಕ್ಕೆ ಶಿಸ್ತು ರೂಢಿಯಾಗಲು ಸಮಯ ಬೇಕು.

ಡಿಸೆಂಬರ್ 23, ಸೋಮವಾರ

ರಂಗಂಪೇಟೆಯಲ್ಲಿ ಸುಲ್ತಾನಸಾಬ ಎಂದೊಬ್ಬರು ಇದ್ದಾರೆ. ನಿವೃತ್ತ ಬಸ್ ಡ್ರೈವರ್. ನಮ್ಮ ನಕಾಶೆಯನ್ನು ಗೋಡೆಗೆ ಅಂಟಿಸಿ, ಗುಂಡುಪಿನ್ನು ಚುಚ್ಚಿ, ಕೆಂಪು ದಾರದಿಂದ ಹಡಗಿನ ದಾರಿ ಹಿಡಿಯುತ್ತಾರಂತೆ. ಇವತ್ತು ಅವರು ಖುರ್ಷೀದಬೇಗಂ ಮೇಡಂಗೆ ಫೋನು ಮಾಡಿದರು. ಗುರುವಾರ ಹೇಳಿದ ಅಂಕಿಯಂತೆ ದಾರ ಎಳೆದರೆ ಹಡಗು ತನ್ನ ಕೊಟ್ಟಿಗೆಗೆ ಬರುವುದಿಲ್ಲ, ಇನ್ನೂರ ನಲವತ್ತು ಕಿಲೋಮೀಟರು ದಕ್ಷಿಣಕ್ಕೆ ಶತ್ರುವಿನ ನೆಲದ ಮೇಲೆ ಹೋಗುತ್ತದೆ. ‘ಯಾದಗಿರಿ ಪ್ಯಾಸೆಂಜರನ್ನ ಹೈದ್ರಾಬಾದಿನ್ಯಾಗ ಇಳಿಸಿದಂಗ ಆತಲ್ರೀ ಮೇಡಂ’ ಅಂದರಂತೆ.

ಮೇಡಂ ಕರೆಯುವ ಮೊದಲೇ ನನ್ನ ಹಾಳೆ ತೆಗೆದು ನೋಡಿದ್ದೆ. ಗಾಳಿ ಉತ್ತರದಿಂದ. ಹೋಗುವಾಗ ಹಡಗು ಪಶ್ಚಿಮಕ್ಕೆ ಮುಖ ಮಾಡಿತ್ತು, ಉತ್ತರ ಬಲಗಡೆ. ಗಾಳಿಗೆ ಎದುರು ಕೊಡಲು ಮೂಗನ್ನು ಬಲಕ್ಕೆ ಹದಿನೈದು ಡಿಗ್ರಿ ತಿರುಗಿಸಿದ್ದು ಸರಿ. ಬರುವಾಗ ಮುಖ ಪೂರ್ವಕ್ಕೆ, ಉತ್ತರ ಎಡಗಡೆ. ಮೂಗು ಎಡಕ್ಕೆ ತಿರುಗಬೇಕು. ಹಿಂದಿನ ವಾರದ ಸಾಲನ್ನೇ ನಕಲು ಮಾಡಿಕೊಳ್ಳುವಾಗ ‘ಬಲಕ್ಕೆ ಹದಿನೈದು’ ಎಂದೇ ಬರೆದುಬಿಟ್ಟಿದ್ದೇನೆ. ಗಾಳಿಯೂ ದಕ್ಷಿಣಕ್ಕೆ ತಳ್ಳುತ್ತಿದೆ, ಮೂಗೂ ದಕ್ಷಿಣಕ್ಕೆ. ನನ್ನದೇ ಅಕ್ಷರ, ನೀಲಿ ಶಾಯಿ. ಮೊದಲ ವರ್ಷದ ಹುಡುಗರು ಮಾಡುವ ತಪ್ಪು.

ಮೇಡಂ ಕೋಣೆಗೆ ಹೋದಾಗ ದೇವಕಮ್ಮ ಬಾಗಿಲ ಬಳಿ ನಿಂತಿದ್ದಳು. ಚೀಲ ನನ್ನ ತೊಡೆಯ ಮೇಲಿತ್ತು, ಹಾಳೆ ಚೀಲದಲ್ಲಿತ್ತು. ಬರಹದಲ್ಲಿ ಏನಿತ್ತು ಎಂದು ಮೇಡಂ ಕೇಳಿದರು.

‘ನೋಡಬೇಕ್ರಿ. ಓದೋ ಮುಂದ ಎಡ ಬಲ ಅದಲಿಬದಲಿ ಆಗೋದು ಆಗ್ತದ’ ಎಂದೆ.

ಇಷ್ಟೇ ಹೇಳಿದ್ದು. ಆಕೆಯೇ ಮಾಡಿದಳು ಎಂದು ನಾನು ಹೇಳಿಲ್ಲ.

ದೇವಕಮ್ಮ ನನ್ನನ್ನು ನೋಡಿದಳು. ‘ಸರ ಹೇಳಿದ್ರಲ್ರಿ. ಆಗ್ತದ’ ಅಂದಳು.

ಕೆಲವು ವಾರ ವಿಶ್ರಾಂತಿ ತಗೊಳ್ಳಲಿ, ಸದ್ಯ ಸರ್ ಓದಲಿ ಎಂದು ಮೇಡಂ ತೀರ್ಮಾನ ಮಾಡಿದರು.

ಡಿಸೆಂಬರ್ 26, ಗುರುವಾರ

ನಾನೇ ಓದಿದೆ. ಫೋನು ಒಂದು. ಸುಲ್ತಾನಸಾಬರದು. ‘ನೀವು ಯಾರ್ರಿ?’

ಡಿಸೆಂಬರ್ 30, ಸೋಮವಾರ

ಎಳ್ಳ ಅಮಾಸಿ. ಗುರುದೇವಿಯ ತಮ್ಮನ ಹೊಲಕ್ಕೆ ಹೋಗಿದ್ದೆವು. ಸಜ್ಜಿರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಊಟ ಮಾಡುತ್ತ ಎಲ್ಲರೂ ದಾರಿಯವ್ವ ಯಾಕೆ ಬರುತ್ತಿಲ್ಲ ಎಂದು ನನ್ನನ್ನೇ ಕೇಳಿದರು. ಆಕೆ ತಪ್ಪು ಓದಿದಳಂತೆ ಎಂದು ಗುರುದೇವಿ ಹೇಳಿದಳು. ಕಾಲೇಜಿನಿಂದ ಸುದ್ದಿ ಹೇಗೆ ಹೊಲದವರೆಗೆ ಬರುತ್ತದೋ. ನಾನು ಭಜ್ಜಿ ಬಡಿಸಿಕೊಂಡೆ.

ಹಡಗು ಇನ್ನೂ ಶತ್ರುವಿನ ನೆಲದ ಮೇಲಿದೆ. ಅದನ್ನು ಮನೆಗೆ ತರಬೇಕು. ಊಟದ ನಡುವೆ ಒಂದು ಉಪಾಯ ಹೊಳೆಯಿತು.

ಜನವರಿ 3, ಶುಕ್ರವಾರ

ಹತ್ತೊಂಬತ್ತು ಫೋನು!

ಉಪಾಯ ಏನೆಂದರೆ, ತಪ್ಪನ್ನು ಕತೆಯ ಒಳಗೇ ಸೇರಿಸಿಬಿಟ್ಟೆ. ಚುಕ್ಕಾಣಿಯವನು ನಿದ್ದೆಗಣ್ಣಿನಲ್ಲಿ ಎಡಕ್ಕೆ ಬದಲು ಬಲಕ್ಕೆ ತಿರುಗಿಸಿದ್ದಾನೆ. ಚಳಿಗೆ ದಿಕ್ಸೂಚಿಯ ಒಳಗಿನ ದ್ರವ ಹೆಪ್ಪುಗಟ್ಟಿ ಮುಳ್ಳು ಅಲುಗುತ್ತಿಲ್ಲ. ಯಾರಿಗೂ ಗೊತ್ತಾಗಿಲ್ಲ. ಮೋಡ ಒಂದು ಕಡೆ ಹರಿದಾಗ ದಾರಿಕಾರ ಕೆಳಗೆ ನೋಡುತ್ತಾನೆ, ಸಮುದ್ರ ಇರಬೇಕಾದಲ್ಲಿ ಒಂದು ನದಿ, ಸೇತುವೆ, ಗುರಿಯಿಟ್ಟ ತೋಪು. ಅಲ್ಲಿಗೆ ನಿಲ್ಲಿಸಿದೆ.

ಸುಲ್ತಾನಸಾಬರು ದಾರ ಬಿಚ್ಚಿಲ್ಲವಂತೆ. ಹಾಗೇ ಇರಲಿ, ನೋಡೋಣ ಅಂದರಂತೆ. ನನ್ನ ದನಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಅದೂ ಒಂದು ಹೊಗಳಿಕೆಯೇ. ಮೇಡಂ ವರಾಂಡದಲ್ಲಿ ನಿಂತು ನಕ್ಕರು. ಭಾನುವಾರದ ಅರ್ಧ ಗಂಟೆ ನನ್ನದಾಯಿತು ಎಂದೇ ತಿಳಿದುಕೊಂಡೆ.

ಆಫೀಸಿನ ಮುಂದೆ ಹಾದುಬಂದೆ. ದೇವಕಮ್ಮ ಕಡತಕ್ಕೆ ದಾರ ಕಟ್ಟುತ್ತಿದ್ದಳು. ‘ಚಲೋ ಆತಂತ್ರಿ ಸರ’ ಅಂದಳು. ವ್ಯಂಗ್ಯ ಇತ್ತೋ ಇಲ್ಲವೋ ಗೊತ್ತಾಗಲಿಲ್ಲ. ವ್ಯಂಗ್ಯ ಇದ್ದಿದ್ದರೆ ಚೆನ್ನಾಗಿತ್ತು.

ಜನವರಿ 11, ಶನಿವಾರ

ಸುಲ್ತಾನಸಾಬರ ಪತ್ರ ಬಂದಿದೆ. ಮೇಡಂ ಅದನ್ನು ನೋಟಿಸ್ ಬೋರ್ಡಿಗೆ ಹಾಕಿದ್ದಾರೆ. ನಾನು ಅಲ್ಲಿ ನಿಂತು ನಕಲು ಮಾಡಿಕೊಂಡೆ:

‘ಆ ತಾಯಿಯ ಬಾಯಿ ತಪ್ಪದಿದ್ದರೆ ಈ ಕತೆಗೆ ಜೀವ ಬರುತ್ತಿರಲಿಲ್ಲ. ಬರೆಯುವವರು ಹಡಗನ್ನು ನೆಟ್ಟಗೆ ಮನೆಗೆ ತಂದು ಕಟ್ಟುತ್ತಿದ್ದರು, ನಾವು ಗೊರಕೆ ಹೊಡೆಯುತ್ತಿದ್ದೆವು. ಮೂವತ್ತು ವರ್ಷ ಬಸ್ ಓಡಿಸಿದ್ದೇನೆ. ದಾರಿ ತಪ್ಪಿದ ದಿನದ ಹಾದಿ ಮಾತ್ರ ನೆನಪಿದೆ. ತಪ್ಪು ಓದಿದ ಬಾಯಿಗೆ ಸಕ್ಕರೆ ಹಾಕಿರಿ.’

ಕೆಳಗೆ ಯಾರೋ ಪೆನ್ಸಿಲ್ಲಿನಿಂದ ‘ಖರೇ’ ಎಂದು ಬರೆದಿದ್ದಾರೆ. ಅಕ್ಷರ ಕನ್ನಡ ಉಪನ್ಯಾಸಕರದು.

ಜನವರಿ 13, ಸೋಮವಾರ

ಭೀಮಾಬಾಯಿಯೂ ಅದನ್ನೇ ಅಂದಳು. ಗುರುದೇವಿಯೂ. ‘ಆಕಿ ತಪ್ಪಿದ್ದೂ ಒಳ್ಳೇದಕ್ಕ ಆತು ನೋಡ್ರಿ’ ಅಂತೆ.

ಓರೆ ಆಕೆಯದಾಯಿತು. ಕೊಟ್ಟಿಗೆ ಆಕೆಯದಾಯಿತು. ದನದ ಕರುಳೂ ಆಕೆಯದಾಯಿತು. ಈಗ ಇದೂ.

ಊಟ ಮಾಡಲಿಲ್ಲ.

ಜನವರಿ 17, ಶುಕ್ರವಾರ

ಇವತ್ತು ಸಮಿತಿ ಕೂತಿತ್ತು. ಪ್ರಿನ್ಸಿಪಾಲರು, ಖುರ್ಷೀದಬೇಗಂ ಮೇಡಂ, ಇನ್ನಿಬ್ಬರು. ನನ್ನನ್ನೂ ಕರೆದಿದ್ದರು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೇಡಂ ಮೊದಲು ನನ್ನ ಬರಹವನ್ನು ಹೊಗಳಿದರು. ಯಾರನ್ನಾದರೂ ಮೊದಲು ಹೊಗಳಿದರೆ ಆಮೇಲೆ ಏನು ಬರುತ್ತದೆಂದು ಮೂವತ್ತು ವರ್ಷದ ನೌಕರಿಯಲ್ಲಿ ಕಲಿತಿದ್ದೇನೆ. ಬಂದೇ ಬಂತು. ‘ಆದ್ರ ಕೇಳೋರು ದೇವಕಮ್ಮನ್ನ ಕೇಳಾಕತ್ತಾರ. ಕತಿ ತಿರುಗಿದ್ದೂ ಆಕಿ ತಪ್ಪಿನಿಂದನ ಅಂತಾರ. ತಪ್ಪಿದ್ರೂ ಕಳೆ ಇರೋ ಬಾಯಿ ಅದು. ಭಾನುವಾರದ್ದು ಆಕಿಗಿ ಕೊಡೂಣು.’

ನಾನು ಎದ್ದು ನಿಂತೆ. ‘ಆ ತಪ್ಪು ಆಕಿದಲ್ರಿ ಮೇಡಂ. ನಂದು’ ಎಂದೆ.

ಯಾರೋ ನನ್ನ ಮನೆಯ ವಸ್ತು ಎತ್ತಿಕೊಂಡು ಹೋಗುವಾಗ ಹಿಡಿದವನ ಹಾಗಿತ್ತು ನನ್ನ ದನಿ. ಅಷ್ಟಕ್ಕೇ ನಿಲ್ಲಲಿಲ್ಲ. ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹಾಕಿ, ‘ಬಲಕ್ಕೆ ಹದಿನೈದು’ ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ನೋಡ್ರಿ, ನನ್ನ ಅಕ್ಷರ. ನೋಡ್ರಿ, ನನ್ನ ಶಾಯಿ. ಆಕಿ ಇದ್ದದ್ದನ್ನ ಇದ್ದಂಗ ಓದಿದಳು, ಕತಿ ತಿರುಗಿಸಿದ ತಪ್ಪು ಪೂರಾ ನಂದು.

ಮೇಡಂ ಹಾಳೆಯನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ಓದಿದರು. ಪ್ರಿನ್ಸಿಪಾಲರಿಗೆ ಕೊಟ್ಟರು. ಅವರು ಪಕ್ಕದವರಿಗೆ ಕೊಟ್ಟರು. ಹಾಳೆ ಸುತ್ತಿ ಬರುವಷ್ಟರಲ್ಲಿ ನನಗೆ ನಾನು ಏನು ಹೇಳಿದೆ ಎಂಬುದು ಗೊತ್ತಾಗಿತ್ತು.

‘ಇದು ಅವತ್ತೂ ನಿಮ್ಮ ಚೀಲದಾಗ ಇತ್ತಲ್ರಿ ಸರ?’ ಎಂದು ಮೇಡಂ ಕೇಳಿದರು.

ಇತ್ತು ಎಂದೆ.

ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ದೇವಕಮ್ಮನವರನ್ನು ಕೊನೆಯ ಕಂತಿಗೆ ವಾಪಸು ಕರೆಯುವುದು, ಭಾನುವಾರದ ಅರ್ಧ ಗಂಟೆ ಅವರಿಗೇ ಕೊಡುವುದು ಎಂದು ಬರೆದುಕೊಂಡು ಎಲ್ಲರೂ ಎದ್ದರು. ಹಾಳೆಯನ್ನು ಮೇಡಂ ಇಟ್ಟುಕೊಂಡರು.

ಜನವರಿ 19, ಭಾನುವಾರ

ದೇವಕಮ್ಮನವರ ಊರು ದೋರನಹಳ್ಳಿಗೆ ಹೋಗಿಬಂದೆ. ಕ್ಷಮೆಯ ಮಾತನ್ನು ಬಸ್ಸಿನಲ್ಲಿ ಮೂರು ರೀತಿ ಜೋಡಿಸಿಕೊಂಡಿದ್ದೆ.

ದೇವಕಮ್ಮನವರು ಕಣದಲ್ಲಿದ್ದರು. ತೊಗರಿಯ ರಾಶಿ ಮಷಿನ್ನಿನಿಂದ ಆಗಿದೆ. ಮನೆಗೆ ಇಟ್ಟುಕೊಳ್ಳುವಷ್ಟನ್ನು ಮಾತ್ರ ಅವರು ಎತ್ತರದ ಕಲ್ಲಿನ ಮೇಲೆ ನಿಂತು ಮೊರದಿಂದ ಗಾಳಿಗೆ ತೂರುತ್ತಿದ್ದರು. ಕಾಳು ನೆಟ್ಟಗೆ ಬೀಳುತ್ತಿತ್ತು, ಹೊಟ್ಟು ಓರೆಯಾಗಿ ಹಾರುತ್ತಿತ್ತು. ಅವರ ತಾಯಿ ಕೆಳಗೆ ಕೂತು ಹರಳು ಆರಿಸುತ್ತಿದ್ದರು. ನಾನು ಹೋಗಿ ನಿಂತು ಮೊದಲನೇ ಮಾತು ಶುರುಮಾಡಿದೆ.

‘ಸರ, ಈ ಕಡಿ ಬರ್ರಿ. ಹೊಟ್ಟು ಬೀಳೋ ಕಡಿ ನಿಂತೀರಿ’ ಅಂದರು.

ಭೂಗೋಳ ಉಪನ್ಯಾಸಕ. ಗಾಳಿ ಯಾವ ಕಡೆಯಿಂದ ಎಂದು ನೋಡದೆ ನಿಂತಿದ್ದೆ. ಜೋಡಿಸಿಕೊಂಡ ಮೂರೂ ಮಾತು ತಲೆಯಿಂದ ಹೋದವು. ಮೇಡಂಗೆ ಹೇಳಿದ್ದೇನೆ, ತಪ್ಪು ನನ್ನದೆಂದು, ಎಂದಷ್ಟೇ ಹೇಳಿದೆ.

‘ನಂಗ ಓದೋ ಮುಂದನ ಗೊತ್ತಿತ್ರಿ’ ಅಂದರು, ಮೊರ ಇಳಿಸದೆ. ‘ಹೊಲಕ್ಕ ಹೋಗೋ ಮುಂದ ಬಲಗೆನ್ನಿಗಿ ಬಡದ ಗಾಳಿ, ಮನಿಗಿ ಬರೋ ಮುಂದ ಎಡಗೆನ್ನಿಗಿ ಬಡೀತದ. ಇದಕ್ಕ ನಕಾಶಿ ಯಾಕ ಬೇಕು. ಆ ಸಾಲಿಗಿ ಬಂದಾಗ ನಾಲಿಗಿ ತುದಿಗಿ ‘ಎಡಕ್ಕ’ ಅಂತ ಬಂದಿತ್ತು. ನಾಕು ಮಂದಿ ಮುಂದ ಹೇಳಿದ್ರಲ್ಲ, ಒಂದಕ್ಷರ ಬದಲಿಸಬ್ಯಾಡ ಅಂತ. ಬದಲಿಸಲಿಲ್ಲ.’

ಹಾಗಾದರೆ ಅವತ್ತು ಮೇಡಂ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಭೂಗೋಳದ ಸರ ಎಡ ಬಲ ತಪ್ಪಿದ್ರು ಅಂತ ಗುಮಾಸ್ತಿ ಹೇಳಿದ್ರ ಯಾರು ನಂಬ್ತಿದ್ರು? ನೀವಾದ್ರೂ ನಂಬ್ತಿದ್ರೇನು?’

ತಾಯಿ ತಲೆ ಎತ್ತಿ, ‘ಸರಗ ನೀರು ಕೊಡ ಮೊದ್ಲ, ಆಮ್ಯಾಲ ಜಗಳಾ ಮಾಡು’ ಅಂದರು. ದೇವಕಮ್ಮನವರು ತಂದುಕೊಟ್ಟರು. ಕುಡಿದೆ.

ಹೊರಡುವ ಮುಂಚೆ, ಭಾನುವಾರದ ಕಾರ್ಯಕ್ರಮಕ್ಕೆ ಬೇಕಾದರೆ ನಾನು ಬರೆದುಕೊಡುತ್ತೇನೆ, ನೀವು ಹೇಗೆ ಬೇಕಾದರೂ ಬದಲಿಸಿಕೊಳ್ಳಿ ಎಂದೆ. ಇದು ಸಣ್ಣ ಮಾತಲ್ಲ. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

‘ಬ್ಯಾಡ್ರಿ ಸರ. ನಮ್ಮವ್ವನ ಬಾಯಾಗ ಕತಿ ಭಾಳ ಅವ, ಅವು ಯಾರೂ ಬರ್ದಿಲ್ಲ. ಅವನ್ನ ಹೇಳ್ತೀನಿ.’

ಕ್ಷಮೆ ಎಂಬ ಪದವನ್ನು ಆಡಿದೆನೋ ಇಲ್ಲವೋ ನೆನಪಿಗೆ ಬರುತ್ತಿಲ್ಲ. ಕೊರಳಲ್ಲಿ ಹೊಟ್ಟು ಇನ್ನೂ ಕಡಿಯುತ್ತಿದೆ.

ಜನವರಿ 23, ಗುರುವಾರ

ಹಡಗು ಕೊಟ್ಟಿಗೆ ಸೇರಿತು. ಓದಿದವರು ದೇವಕಮ್ಮ. ಶುರುವಾಗುವ ಮೊದಲು ಮೇಡಂ ಒಂದು ಸೂಚನೆ ಓದಿದರು: ಏಳನೇ ಕಂತಿನ ತಪ್ಪು ಬರೆದವರದು, ಓದಿದವರದಲ್ಲ. ಆ ಸೂಚನೆಯನ್ನು ಬರೆದುಕೊಟ್ಟವನು ನಾನೇ. ಅದರಲ್ಲಿ ಯಾರೂ ಏನೂ ಬದಲಿಸಲಿಲ್ಲ.

ಕೊನೆಗೆ ಹಡಗಿನವರು ನೆಲಕ್ಕೆ ಹಗ್ಗ ಎಸೆಯುವ ಜಾಗದಲ್ಲಿ ಅವರು ನನ್ನ ಎರಡು ಸಾಲು ಬಿಟ್ಟರು. ಮನೆಗೆ ಬಂದು ಓದಿ ನೋಡಿದೆ. ಬಿಟ್ಟದ್ದೇ ಸರಿ ಎಂದು ಹೇಳಲಾರೆ. ಆದರೆ ಅವಿಲ್ಲದೆಯೂ ನಡೆಯುತ್ತದೆ.

ಫೆಬ್ರುವರಿ 2, ಭಾನುವಾರ

ಬೆಳಿಗ್ಗೆ ಎಂಟಕ್ಕೆ ದೇವಕಮ್ಮನವರ ಮೊದಲ ಕಾರ್ಯಕ್ರಮ. ತಪ್ಪು ಗುರುತು ಹಾಕಿಕೊಳ್ಳಲು ಹಾಳೆ, ಪೆನ್ನು ಹತ್ತಿರ ಇಟ್ಟುಕೊಂಡಿದ್ದೆ. ಹೊಟ್ಟೆಕಿಚ್ಚಿನಿಂದಲ್ಲ. ಯಾರಾದರೂ ತಿದ್ದಬೇಕಲ್ಲ.

ಗಾಳಿಗೆ ಮಗಳನ್ನು ಕೊಟ್ಟ ಮುದುಕಿಯ ಕತೆ. ಮದುವೆಯ ಮರುದಿನವೇ ಗಾಳಿ ಮಗಳನ್ನು ಕರೆದುಕೊಂಡು ಹೊರಟುಹೋಗುತ್ತದೆ. ಮುದುಕಿ ತವರಿಗೆ ಕರೆಯಲು ಹೋಗಬೇಕು, ಆದರೆ ಗಾಳಿಯ ಮನೆ ಯಾವ ದಿಕ್ಕಿಗೆ? ಕೇಳಿದವರೆಲ್ಲ ಒಂದೊಂದು ಕಡೆ ಕೈ ತೋರಿಸುತ್ತಾರೆ. ಮುದುಕಿ ಒಂದು ಹಿಡಿ ಹೊಟ್ಟನ್ನು ಮೇಲಕ್ಕೆ ತೂರಿ, ಅದರ ಹಿಂದೆ ಓಡುತ್ತಾಳೆ. ಹೊಟ್ಟು ನಿಂತಲ್ಲಿ ನಿಲ್ಲುತ್ತಾಳೆ, ಮತ್ತೆ ತೂರುತ್ತಾಳೆ, ಮತ್ತೆ ಓಡುತ್ತಾಳೆ.

ದಿಕ್ಕಿನ ಬಗ್ಗೆ ಒಂದು ಕಡೆ ನನಗೆ ಅನುಮಾನ ಬಂತು, ಬರೆದುಕೊಳ್ಳೋಣ ಎಂದು ಪೆನ್ನು ತೆಗೆದೆ. ಅಷ್ಟರಲ್ಲಿ ಮುದುಕಿ ಹೊಳೆಯ ದಂಡೆಗೆ ಬಂದಿದ್ದಳು.

ಗುರುದೇವಿ ಒಲೆ ಸಣ್ಣ ಮಾಡಿ ನನ್ನ ಕಡೆ ತಿರುಗಿದಳು. ‘ಏನ್ರಿ, ಆಗಿನಿಂದ ಹ್ಞೂಂ, ಹ್ಞೂಂ ಅನ್ನಾಕತ್ತೀರಿ?’

ನಾನು ಅಂದಿಲ್ಲ ಎಂದೆ.

‘ಅಂದ್ರಿ. ಮುದುಕಿ ಓಡೋ ಮುಂದ ಎರಡು ಸಲ ಅಂದ್ರಿ.’

ವಾದ ಮಾಡಲಿಲ್ಲ. ಕತೆ ಇನ್ನೂ ನಡೆದಿತ್ತು, ಮಾತು ತಪ್ಪಿಹೋಗುತ್ತಿತ್ತು.